ಬಾನೆಟ್ ಮೇಲೆ ಹೋದ ಧ್ವನಿ

ರಾಗಿಗುಡ್ಡ, ಶಿವಮೊಗ್ಗ
16 ಅಕ್ಟೋಬರ್ 2024

ಮಗಳು ವಿದ್ಯಾಶ್ರೀಗೆ,

ನಿನ್ನ ಲ್ಯಾಪ್‌ಟಾಪ್ ವಾಪಸು ಕಳಿಸಿದ್ದೇನೆ. ಯೋಗರಾಜನ ಬಸ್ಸು, ಬೆಳಗಿನ ಮೊದಲ ಟ್ರಿಪ್ಪು. ಸೀಟಿನ ಮೇಲೆ ಇಟ್ಟರೆ ಯಾರಾದರೂ ಅದರ ಮೇಲೇ ಕೂತಾರು, ತಲೆಯ ಮೇಲಿನ ಕಂಬಿಯಲ್ಲಿಟ್ಟರೆ ಹಂಪ್ ಹಾರುವಾಗ ಬಿದ್ದೀತು. ಹಾಗಾಗಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಡಿಸಿದ್ದೇನೆ. ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟನಾಗಿ ಮೂವತ್ತು ವರ್ಷ ಜನರನ್ನು ಕೂಗಿ ಕರೆದವನಿಗೆ ಅಷ್ಟು ಮರ್ಯಾದೆ ಇನ್ನೂ ಉಳಿದಿದೆ. ಬಾನೆಟ್ ಅಂದರೆ ಬಸ್ಸಿನ ದೇವರ ಮನೆ ಇದ್ದ ಹಾಗೆ. ಹೂವಿನ ಬುಟ್ಟಿ, ಮದುವೆ ಕಾರ್ಡು, ಆಸ್ಪತ್ರೆಯ ಔಷಧಿ, ನಿನ್ನ ಬಾಣಂತನದಲ್ಲಿ ನಿನ್ನಮ್ಮ ಕಳಿಸುತ್ತಿದ್ದ ಮೆಣಸಿನ ಸಾರು, ಎಲ್ಲ ಅದರ ಮೇಲೇ ಹೋದದ್ದು. ಒಂದು ತೊಟ್ಟು ಸಾರೂ ಚೆಲ್ಲಿರಲಿಲ್ಲ.

ದಸರಾ ರಜೆ ಪೂರ್ತಿ ನಿನ್ನ ಲ್ಯಾಪ್‌ಟಾಪ್ ಇಟ್ಟುಕೊಂಡದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆಪರೇಷನ್ನಿಗೆ ಮುಂಚೆ ನೀನು ನನ್ನನ್ನು ಕೂರಿಸಿ ಮಾತಾಡಿಸಿ ಅದರಲ್ಲಿ ರೆಕಾರ್ಡ್ ಮಾಡಿ ತುಂಬಿಸಿಟ್ಟಿದ್ದನ್ನೆಲ್ಲ ಕೇಳಿದೆ. ನರಿ ಟಿಕೆಟ್ ತೆಗೆಯದೆ ಬಸ್ ಹತ್ತಿದ ಕಥೆ ಚೆನ್ನಾಗಿ ಬಂದಿದೆ. ಡಾಕ್ಟರು ಗಂಟಲಿನಿಂದ ಧ್ವನಿಪೆಟ್ಟಿಗೆ ತೆಗೆದು ಎಂಟು ತಿಂಗಳಾಯಿತು. ಇಷ್ಟು ಒಳ್ಳೆಯ ಗಂಟಲು ಇತ್ತು ಅಂತ ಆಗ ಗೊತ್ತಾಗಿದ್ದರೆ ಬಸ್ಸಿಗೆ ಜನ ಕರೆಯುವುದು ಬಿಟ್ಟು ಚುನಾವಣೆಗೆ ನಿಲ್ಲುತ್ತಿದ್ದೆ.

ಮಾನಸ ದಿನಾ ಸಂಜೆ ಕಥೆ ಕೇಳಿಯೇ ಮಲಗುವುದು ಅಂತ ಹೇಳಿದ್ದೆಯಲ್ಲ, ಅದಕ್ಕೇ ಬೇಗ ಕಳಿಸಿದೆ. ನಾನು ಅಲ್ಲಿಗೆ ಬರುವ ಮಾತು ಮತ್ತೆ ಎತ್ತಬೇಡ. ನನ್ನ ಕತ್ತಿನ ತೂತು ನೋಡಿ ಮಗು ಆ ದಿನ ಕಿರುಚಿಕೊಂಡದ್ದು ಇನ್ನೂ ಕಿವಿಯಲ್ಲಿದೆ. ನಾಲ್ಕು ವರ್ಷದ ಕೂಸು, ಅದರ ತಪ್ಪೇನು? ಅವಳಿಗೆ ಲ್ಯಾಪ್‌ಟಾಪಿನೊಳಗಿನ ಅಜ್ಜನೇ ಸಾಕು. ನೋಡಲಿಕ್ಕೂ ಭಯವಿಲ್ಲ, ಬೀಡಿ ವಾಸನೆಯೂ ಇಲ್ಲ.

ಯಂತ್ರದ ಮುಚ್ಚಳ ಮುಚ್ಚಿದ ಮೇಲೂ ಪಕ್ಕದಲ್ಲಿ ಒಂದು ದೀಪ ಮಿಣಮಿಣ ಅನ್ನುತ್ತಿತ್ತು. ತಾನಾಗಿಯೇ ಮಲಗುತ್ತದೆ ಅಂದುಕೊಂಡು ಟವೆಲ್ ಸುತ್ತಿ ಚೀಲಕ್ಕೆ ಹಾಕಿದೆ. ಈ ಫೋನಿನಲ್ಲಿ ಒಂದೊಂದೇ ಗುಂಡಿ ಒತ್ತಿ ಮೆಸೇಜು ಬರೆಯುವಷ್ಟರಲ್ಲಿ ಬಸ್ಸೇ ಭದ್ರಾವತಿ ಮುಟ್ಟಿರುತ್ತದೆ. ಹಾಗಾಗಿ ಕಾಗದ.

ಇತಿ ನಿನ್ನ ಅಪ್ಪ,
ಹಿರಿಯಣ್ಣ


ಕಾಗದನಗರ, ಭದ್ರಾವತಿ
17 ಅಕ್ಟೋಬರ್ 2024

ಅಪ್ಪಾ,

ನನಗೆ ಭಯವಾಗುತ್ತಿದೆ. ಸುತ್ತಿ ಬಳಸಿ ಬರೆಯಲು ಆಗುತ್ತಿಲ್ಲ.

ನಿನ್ನೆ ಪೇಪರ್ ಟೌನ್ ಸ್ಟಾಪಿನಲ್ಲಿ ಯೋಗರಾಜಣ್ಣ ಚೀಲ ಕೊಟ್ಟಾಗ ಅದು ಕೈ ಸುಡುತ್ತಿತ್ತು. ಇಂಜಿನ್ನಿನ ಬಿಸಿ ಅಂದುಕೊಂಡೆ. ಮನೆಗೆ ಬಂದು ಟವೆಲ್ ಬಿಚ್ಚಿದರೆ ಲ್ಯಾಪ್‌ಟಾಪ್ ಒಳಗೆ ಇನ್ನೂ ಓಡುತ್ತಿತ್ತು. ಮುಚ್ಚಳ ಮುಚ್ಚಿದರೂ ಅದು ನಿಲ್ಲದ ಹಾಗೆ ನಾನೇ ಮಾಡಿಟ್ಟಿದ್ದೆ, ಅಪ್ಪ. ಮಾನಸ ಬೆಳಕಿದ್ದರೆ ಮಲಗುವುದಿಲ್ಲ, ಮುಚ್ಚಿದರೆ ಕಥೆ ನಿಂತುಹೋಗುತ್ತಿತ್ತು. ಅದಕ್ಕೆ ಹಾಗೆ ಮಾಡಿದ್ದೆ. ನಿನಗೆ ಹೇಳಿರಲಿಲ್ಲ. ಶಿವಮೊಗ್ಗದಿಂದ ಇಲ್ಲಿಯವರೆಗೂ ಅದು ಓಡುತ್ತಲೇ ಬಾನೆಟ್ ಮೇಲೆ ಕುಣಿಯುತ್ತ ಬಂದಿದೆ.

ಸಂಜೆ ನರಿ ಕಥೆ ಹಾಕಿದೆ. ಕಂಡಕ್ಟರ್ ನರಿಯ ಹತ್ತಿರ ಬರುವವರೆಗೆ ಸರಿಯಾಗಿತ್ತು. "ಟಿಕೆಟ್ ಎಲ್ಲಮ್ಮಾ" ಅಂತ ನೀನು ಕೇಳುತ್ತೀಯಲ್ಲ, ಅಲ್ಲಿ ಸಿಕ್ಕಿಕೊಂಡಿತು. ಟಿ, ಟಿ, ಟಿ ಅಂತ ಅದನ್ನೇ ಹೇಳಿತು. ಆಮೇಲೆ ಒಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಸದ್ದು. ಪರದೆ ನೀಲಿಯಾಗಿ ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ಅದೇ ಸದ್ದು. "ಅಜ್ಜ ಯಾಕೆ ನಿಲ್ಲಿಸಿದ್ರು?" ಅಂತ ಮಾನಸ ಕೇಳಿದಳು. ಕರೆಂಟಿಲ್ಲ ಅಂದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಇವರು ಫ್ಯಾಕ್ಟರಿಯಿಂದ ಬಂದವರೇ ಪ್ಲಗ್ ಕಿತ್ತುಹಾಕಿದರು. ಒಳಗಿನ ಹಾರ್ಡ್ ಡಿಸ್ಕಿಗೆ ಪೆಟ್ಟು ಬಿದ್ದಿದೆ, ಇನ್ನೊಂದು ಸಲ ಹಾಕಬೇಡ ಅಂದರು. ಪೆನ್ ಡ್ರೈವಿಗೆ ಕಾಪಿ ಮಾಡಿಟ್ಟಿದ್ದೆನಲ್ಲ ಅಂತ ಧೈರ್ಯ ತಂದುಕೊಂಡು, ಇವತ್ತು ನಮ್ಮ ಸ್ಕೂಲಿನ ಸ್ಟಾಫ್ ರೂಮಿನ ಕಂಪ್ಯೂಟರಿಗೆ ಚುಚ್ಚಿ ನೋಡಿದೆ. ಖಾಲಿ. ಫೈಲಿನ ಬದಲು ಪರದೆಯ ಮೇಲಿನ ಅದರ ಗುರುತನ್ನು ಮಾತ್ರ ಕಾಪಿ ಮಾಡಿದ್ದೆನಂತೆ. ಮನೆಯ ಬದಲು ಮನೆಯ ಬೋರ್ಡು ಹೊತ್ತು ತಂದ ಹಾಗೆ. ಎಂಟು ತಿಂಗಳು ಆ ಖಾಲಿ ಪೆನ್ ಡ್ರೈವನ್ನು ತಾಳಿ ಸರದ ಡಬ್ಬಿಯಲ್ಲಿ ಇಟ್ಟಿದ್ದೆ.

ಇನ್ನೊಂದು ಹೇಳಬೇಕು. ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ನಾನು ಒಂದು ದಿನವೂ ಪೂರ್ತಿ ಕೇಳಿಲ್ಲ. ಮಾನಸಳಿಗೆ ಹಾಕಿಕೊಟ್ಟು ಅಡುಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿಬಿಡುತ್ತಿದ್ದೆ. ನಿನ್ನ ಧ್ವನಿ ಕೇಳಲು ಧೈರ್ಯ ಬರುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತದೆ, ಮುಂದೆ ಯಾವತ್ತಾದರೂ ಕೂತು ಕೇಳಿದರಾಯಿತು ಅಂದುಕೊಂಡಿದ್ದೆ.

ಈಗ ಏನು ಮಾಡಲಿ?

ನಿನ್ನ,
ವಿದ್ಯಾ


ರಾಗಿಗುಡ್ಡ, ಶಿವಮೊಗ್ಗ
18 ಅಕ್ಟೋಬರ್ 2024

ವಿದ್ಯಾ,

ಕಾಗದ ಓದಿದೆ. ಬೈದುಕೊಳ್ಳುವುದಾದರೆ ನನ್ನನ್ನು ಬೈ. ನೀನು ಹೇಳಿರಲಿಲ್ಲ ಸರಿ, ದೀಪ ಕಂಡ ಮೇಲೆ ನಾನು ಕೇಳಬಹುದಿತ್ತಲ್ಲ. ಬಾನೆಟ್ ಬಗ್ಗೆ ಅಷ್ಟು ಜಂಬ ಕೊಚ್ಚಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ನನಗೆಂದೇ ಮಾಡಿದ ಗಾದೆ.

ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಚೀಟಿಯಲ್ಲಿ ಬರೆದು ತೋರಿಸಿ ನಾಲ್ಕು ಜನರನ್ನು ಕೇಳಿದೆ. ಒಬ್ಬ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ ಅಂದ. ಇನ್ನೊಬ್ಬ ಬೆನ್ನಿನ ಮೇಲೆ ಎರಡು ಬಾರಿಸಿ ಅಂದ. ಇಬ್ಬರ ಮಾತೂ ಕೇಳಬೇಡ. ಕೆಟ್ಟು ನಿಂತ ಬಸ್ಸನ್ನಾದರೆ ಹತ್ತು ಜನ ಸೇರಿ ತಳ್ಳಬಹುದು, ಇದನ್ನು ತಳ್ಳಲು ಹೋದರೆ ಹಳ್ಳಕ್ಕೇ ಬೀಳುವುದು ಅಂತ ನನಗೂ ಅನಿಸುತ್ತದೆ. ದುರ್ಗಿಗುಡಿಯಲ್ಲಿ ನಿಶಾಂತ್ ಅನ್ನುವವನ ಅಂಗಡಿ ಇದೆ. ಫೋಟೋ ಸ್ಟುಡಿಯೋದವರ ಹಾಳಾದ ಡಿಸ್ಕುಗಳಿಂದ ಮದುವೆ ವಿಡಿಯೋ ತೆಗೆದುಕೊಡುತ್ತಾನಂತೆ. ಅಳಿಯ ಸುನಿಲ್‌ಗೆ ರಜೆ ಇದ್ದ ದಿನ ತಂದುಕೊಡಲು ಹೇಳು. ಬೈಕು ಬೇಡ. ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡು ಬರಲಿ. ಮಗು ಎತ್ತಿಕೊಂಡ ಹಾಗೆ.

ನನಗೂ ಭಯವಾಗಿದೆ ವಿದ್ಯಾ. ಆಪರೇಷನ್ ದಿನ ಸ್ಟ್ರೆಚರಿನ ಮೇಲೆ ಮಲಗಿದ್ದಾಗಲೂ ಇಷ್ಟು ಹೆದರಿರಲಿಲ್ಲ. ಧ್ವನಿ ಹೋದರೆ ಹೋಗಲಿ, ಭದ್ರಾವತಿಯಲ್ಲಿ ಒಂದು ಕಡೆ ಜೋಪಾನವಾಗಿದೆ ಅಂತ ಆಗ ಧೈರ್ಯವಿತ್ತು. ಆಸ್ಪತ್ರೆಯ ಮಾತಿನ ಕ್ಲಾಸಿನ ಶೀತಲ್ ಮೇಡಂ ಮತ್ತೆ ಹೇಳಿ ಕಳಿಸಿದ್ದರು. ಗಾಳಿ ನುಂಗಿ, ಅದನ್ನು ತೇಗಿನ ಹಾಗೆ ಮೇಲಕ್ಕೆ ತಂದು ಮಾತಾಡುವುದನ್ನು ಕಲಿಸುತ್ತಾರೆ. ಒಂದು ದಿನ ಹೋಗಿದ್ದೆ. ನನ್ನಂಥವನೇ ಒಬ್ಬ ಅಲ್ಲಿ ಮಾತಾಡಿ ತೋರಿಸಿದ. ಬಾವಿಯ ತಳದಲ್ಲಿ ಎಮ್ಮೆ ತೇಗಿದ ಹಾಗಿತ್ತು. ಆ ಸದ್ದಿನಲ್ಲಿ ಮೊಮ್ಮಗಳ ಹೆಸರು ಕರೆಯಬೇಕೇ? ತೂತು ನೋಡಿಯೇ ಕಿರುಚಿದವಳು ಆ ಸದ್ದು ಕೇಳಿದರೆ ಜ್ವರ ಹಿಡಿದು ಮಲಗುತ್ತಾಳೆ. ಬೇಡವೇ ಬೇಡ ಅಂತ ಎದ್ದು ಬಂದೆ.

ಡಿಸ್ಕು ಸರಿಹೋಗಲಿ. ಅದೊಂದು ಆದರೆ ಸಾಕು.

ಅಪ್ಪ


ಕಾಗದನಗರ
23 ಅಕ್ಟೋಬರ್ 2024

ಅಪ್ಪಾ,

ಸೋಮವಾರ ಇವರು ನಿಶಾಂತ್ ಅಂಗಡಿಗೆ ಕೊಟ್ಟು ಬಂದರು. ಇವತ್ತು ಅವನೇ ನನಗೆ ಫೋನ್ ಮಾಡಿದ್ದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅಕ್ಕಾ, ಒಳಗೆ ತಟ್ಟೆ ಥರ ಇರುತ್ತೆ, ತಿರುಗ್ತಾ ಇರುತ್ತೆ. ಅದನ್ನ ಓದೋ ಮುಳ್ಳು ಮೇಲೆ ತೇಲ್ತಾ ಇರಬೇಕು. ನಿಮ್ಮದು ಪೆಟ್ಟು ಬಿದ್ದು ತಟ್ಟೆಗೆ ತಾಗ್ತಾ ಇದೆ. ಓಡಿಸಿದಷ್ಟೂ ಗೀಚುತ್ತೆ. ಶನಿವಾರ ಒಂದೇ ಸಲ ಓಡಿಸ್ತೀನಿ, ಬಂದಷ್ಟು ಎಳ್ಕೊಳ್ಳೋದು. ಹತ್ತು ನಿಮಿಷ ಓಡಬಹುದು, ಇಡೀ ದಿನ ಓಡಬಹುದು, ಶುರುವಿಗೇ ನಿಲ್ಲಬಹುದು. ಗ್ಯಾರಂಟಿ ಕೇಳಬೇಡಿ. ಮೊದಲು ಯಾವ ಫೋಲ್ಡರ್ ಬೇಕು, ಆಮೇಲೆ ಯಾವುದು, ಅದನ್ನ ಮಾತ್ರ ಹೇಳಿ."

ಮೊದಲು ಅಪ್ಪನದು ಅಂದೆ. ಯೋಚನೆಯನ್ನೂ ಮಾಡಲಿಲ್ಲ. ಆಮೇಲೆ ಅಮ್ಮನ ವಿಡಿಯೋ, ಆಮೇಲೆ ಮಾನಸ ಹುಟ್ಟಿದಾಗಿನ ಫೋಟೋ. ಫೋಟೋ ಹೋದರೂ ಅತ್ತೆಯ ಮನೆಯವರ ಹತ್ತಿರ ಸಿಗುತ್ತವೆ.

ಫೋನ್ ಇಟ್ಟ ಮೇಲೆ ಅಮ್ಮನನ್ನು ಸಾಲಿನಲ್ಲಿ ಹಿಂದೆ ನಿಲ್ಲಿಸಿದೆ ಅನ್ನಿಸಿತು. ಬದುಕಿದ್ದಾಗಲೂ ಹಾಗೇ ನಿಲ್ಲುತ್ತಿದ್ದಳು. ಎರಡೂ ಬರುತ್ತವೆ ಅಲ್ಲವಾ ಅಪ್ಪ? ಹೂಂ ಅಂತ ಬರೆ. ಸುಳ್ಳಾದರೂ ಬರೆ.

ಮಾನಸ ಈಗ ಕಥೆ ಕೇಳುವುದನ್ನು ಬಿಟ್ಟಿದ್ದಾಳೆ. ಕರೆಂಟು ಬಂತಾ ಅಂತ ಮಾತ್ರ ಕೇಳುತ್ತಾಳೆ.

ವಿದ್ಯಾ


ರಾಗಿಗುಡ್ಡ
26 ಅಕ್ಟೋಬರ್ 2024, ಶನಿವಾರ

ವಿದ್ಯಾ,

ಈ ಕಾಗದವನ್ನು ಬೇಕೆಂದೇ ಸಂಜೆಯ ಕೊನೆಯ ಟ್ರಿಪ್ಪಿಗೆ ಕೊಡುತ್ತಿದ್ದೇನೆ. ಬೆಳಿಗ್ಗೆ ಕೊಟ್ಟರೆ ನೀನು ನಿಶಾಂತನಿಗೆ ಫೋನ್ ಮಾಡಿ ತಡೆಯುತ್ತಿದ್ದೆ. ನನಗೆ ಫೋನ್ ಮಾಡಿ ವಾದಿಸುವ ಭಾಗ್ಯ ಇಲ್ಲ ನೋಡು, ಅದಕ್ಕೇ ಈ ಕಳ್ಳಾಟ.

ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಕೂತಿದ್ದೆ. ಅವನು ಬಂದವನೇ ಭಿಕ್ಷುಕ ಅಂದುಕೊಂಡನೋ ಏನೋ, ಕತ್ತಿನ ಬಟ್ಟೆ ನೋಡಿ ಆಸ್ಪತ್ರೆ ಆ ಕಡೆ ಇದೆ ಅಂತ ಕೈ ತೋರಿಸಿದ. ಲ್ಯಾಪ್‌ಟಾಪಿನೊಳಗೆ ಇರುವವನು ನಾನೇ ಅಂತ ಬರೆದು ತೋರಿಸಿದೆ. ಕುರ್ಚಿ ಕೊಟ್ಟ. ಮೊದಲು ನನ್ನ ಹೆಂಡತಿ ಕರಿಯಮ್ಮನ ವಿಡಿಯೋ ತೆಗಿ, ನನ್ನದು ಆಮೇಲೆ ಅಂತ ಬರೆದೆ. "ಅಕ್ಕ ಬೇರೆ ಥರ ಹೇಳಿದಾರೆ" ಅಂದ. ಅಕ್ಕನ ಅಪ್ಪ ನಾನು ಅಂತ ಬರೆದೆ.

ತಪ್ಪು ತಿಳಿಯಬೇಡ ವಿದ್ಯಾ. ಆ ವಿಡಿಯೋ ಮಾಡಿದ್ದು ಹೇಗೆ ನೆನಪಿದೆಯಾ? ನೀನು ಡಿಗ್ರಿಗೆ ಸೇರಿದ ವರ್ಷ ಲ್ಯಾಪ್‌ಟಾಪ್ ಬಂತು. ಕ್ಯಾಮರಾ ಹಾಕಿಟ್ಟು ನೀನು ಒಳಗೆ ಕಾಫಿ ಕುಡಿಯಲು ಹೋಗಿದ್ದೆ. ನಿನ್ನಮ್ಮ ಬಂದು ಅದರ ಮುಂದೆ ಕೂತಳು. ಕನ್ನಡಿ ಅಂದುಕೊಂಡಳು. ತಲೆ ಬಾಚಿಕೊಂಡು, ಹೂ ಸಿಕ್ಕಿಸಿಕೊಂಡು, ಒಂದು ಬಿಳಿ ಕೂದಲು ಕಿತ್ತು ಬೆಳಕಿಗೆ ಹಿಡಿದು ನೋಡಿದಳು. "ಇದರಲ್ಲಿ ಮುಖ ಇಷ್ಟು ಕಪ್ಪಗೆ ಕಾಣುತ್ತಲ್ಲ" ಅಂದಳು. ಆಮೇಲೆ ತನ್ನಷ್ಟಕ್ಕೆ ತಾನು ನಕ್ಕಳು. ಮಿಕ್ಕ ಫೋಟೋಗಳಲ್ಲೆಲ್ಲ ರೇಷನ್ ಕಾರ್ಡಿಗೆ ನಿಂತ ಹಾಗೆ ನಿಂತಿದ್ದಾಳೆ. ನಲವತ್ತು ವರ್ಷ ಸಂಸಾರ ಮಾಡಿದೆ, ಅವಳು ಯಾರಿಗೂ ಹೆದರದೆ ನಕ್ಕದ್ದು ಎಲ್ಲಾದರೂ ಉಳಿದಿದ್ದರೆ ಅದೊಂದರಲ್ಲೇ.

ನಾನು ಬದುಕಿದ್ದೇನೆ. ಎಲೆಅಡಿಕೆ ಒಂದು ಬಿಟ್ಟು ಮಿಕ್ಕದ್ದನ್ನೆಲ್ಲ ತಿನ್ನುತ್ತಿದ್ದೇನೆ. ಅವಳು ಇಲ್ಲ. ಇನ್ನು ಬರುವುದೂ ಇಲ್ಲ. ಇದರಲ್ಲಿ ಯೋಚಿಸುವುದೇನಿದೆ?

ಅವನು ಡಿಸ್ಕು ಹಾಕುವುದನ್ನು ನೋಡಲು ನಾನು ನಿಲ್ಲಲಿಲ್ಲ. ಎದ್ದು ಸ್ಟ್ಯಾಂಡಿಗೆ ಬಂದೆ. ಏನಾಯಿತು ಅಂತ ನಿನಗೆ ಗೊತ್ತಾಗುತ್ತದೆ, ಬರೆ.

ಅಪ್ಪ


ಕಾಗದನಗರ
29 ಅಕ್ಟೋಬರ್ 2024

ಅಪ್ಪ,

ನೀನು ಗೆದ್ದೆ. ಅಮ್ಮನ ವಿಡಿಯೋ ಪೂರ್ತಿ ಬಂದಿದೆ. ಬಿಳಿ ಕೂದಲು, ಹೂವು, ನಗು, ಎಲ್ಲ ಇದೆ. ಎರಡು ಪೆನ್ ಡ್ರೈವಿಗೆ ಹಾಕಿಸಿ ಇವರ ಫೋನಿಗೂ ಹಾಕಿಸಿದ್ದೇನೆ. ಈ ಸಲ ತೆಗೆದು ನೋಡಿದ್ದೇನೆ.

ನಿನ್ನ ಫೋಲ್ಡರ್ ಶುರುವಾದ ಕೂಡಲೇ ಡಿಸ್ಕು ಕಿರ್ರೆಂದು ಕೂಗಿ ನಿಂತಿತಂತೆ. ಬೆಂಗಳೂರಿಗೆ ಕಳಿಸಿದರೆ ಅಂತ ಕೇಳಿದೆ. ತಟ್ಟೆ ಪೂರ್ತಿ ಗೀಚಿಹೋಗಿದೆ ಅಕ್ಕ, ಎಲ್ಲಿಗೆ ಕಳಿಸಿದರೂ ಅಷ್ಟೇ, ಸುಮ್ಮನೆ ಆಸೆ ಹುಟ್ಟಿಸಲ್ಲ ಅಂದ. ನಿನ್ನದು ಅಂತ ಬಂದದ್ದು ಒಂದೇ ತುಣುಕು. "ಶುರು ಆಯ್ತಾ ವಿದ್ಯಾ? ತಡಿ, ನೀರು ಕುಡೀತೀನಿ." ಆಮೇಲೆ ಲೋಟ ಕೆಳಗಿಟ್ಟ ಸದ್ದು. ಮುಗಿಯಿತು. ನರಿಯೂ ಇಲ್ಲ, ಕಂಡಕ್ಟರೂ ಇಲ್ಲ.

ಅಮ್ಮ ಹೋಗಿದ್ದಾಳೆ ಅಂತ ನನಗೆ ಗೊತ್ತಿಲ್ಲವಾ? ಎರಡು ವರ್ಷದಿಂದ ಗೊತ್ತಿದೆ. ನೀನು ಇದ್ದೂ ಇಲ್ಲದ ಹಾಗಾಗಿದ್ದೀಯಲ್ಲ, ಅದು ನನಗೆ ಗೊತ್ತಾಗುತ್ತಿಲ್ಲ. ಫೋನ್ ಮಾಡಿದರೆ ಉಸಿರು ಮಾತ್ರ ಕೇಳುತ್ತದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಬರುವುದಿಲ್ಲ ಅನ್ನುತ್ತೀಯ. ನಾವು ಬರುತ್ತೇವೆ ಅಂದರೆ ಮಾನಸಳನ್ನು ಕರೆತರಬೇಡ ಅನ್ನುತ್ತೀಯ. ನಿನ್ನ ಧ್ವನಿ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ನೀನೊಬ್ಬನೇ ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಿಬಿಟ್ಟೆ.

ನಿನ್ನೆ ಪಾತ್ರೆ ತೊಳೆಯುವಾಗ, ನೀನು ಸ್ಟ್ಯಾಂಡಿನಿಂದ ಬಂದು ಬಾಗಿಲಲ್ಲಿ ನನ್ನ ಹೆಸರು ಹೇಗೆ ಕೂಗುತ್ತಿದ್ದೆ ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಇಪ್ಪತ್ತೈದು ವರ್ಷ ಕೇಳಿದ್ದು ಎಂಟು ತಿಂಗಳಿಗೆ ಹೋಯಿತು. ನನಗೆ ಎಷ್ಟು ಹೆದರಿಕೆಯಾಯಿತು ಅಂದರೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಲ್ಯಾಪ್‌ಟಾಪಿನಲ್ಲಿ ಧ್ವನಿ ಇದೆಯಲ್ಲ ಅಂತ ನೀನು ಶೀತಲ್ ಮೇಡಂ ಕ್ಲಾಸಿಗೆ ಹೋಗಲಿಲ್ಲ. ಈಗ ಏನು ಹೇಳುತ್ತೀಯ?

ಹಬ್ಬಕ್ಕೆ ಬರುವುದಿಲ್ಲ ಅಂತ ಗೊತ್ತು. ಯೋಗರಾಜಣ್ಣನ ಹತ್ತಿರ ಕಡುಬು ಕಳಿಸುತ್ತೇನೆ.

ವಿದ್ಯಾಶ್ರೀ


ಕಾಗದನಗರ
14 ಡಿಸೆಂಬರ್ 2024

ಅಪ್ಪಾ,

ನನ್ನ ಮೇಲೆ ಕೋಪವಿದ್ದರೆ ಇರಲಿ, ಎರಡು ಸಾಲಾದರೂ ಬರೆ. ದೀಪಾವಳಿಯಿಂದ ನಿನ್ನ ಒಂದು ಕಾಗದವೂ ಇಲ್ಲ. ಯೋಗರಾಜಣ್ಣನನ್ನು ಕೇಳಿದರೆ, "ಚೆನ್ನಾಗಿದಾರಮ್ಮ, ಮಂಗಳವಾರ ಶುಕ್ರವಾರ ಆಸ್ಪತ್ರೆಗೆ ಹೋಗ್ತಾರೆ" ಅಂದ. ಅಂದವನು ನಾಲಿಗೆ ಕಚ್ಚಿಕೊಂಡ.

ಯಾಕೆ ಆಸ್ಪತ್ರೆಗೆ? ಮತ್ತೆ ಬಂತಾ? ಕತ್ತಿನ ಪಕ್ಕದಲ್ಲಿ ಗಂಟು ಏನಾದರೂ ಸಿಕ್ಕಿತಾ? ಡಾಕ್ಟರು ಎರಡು ವರ್ಷ ಹುಷಾರಾಗಿರಿ ಅಂದಿದ್ದರು. ಅವತ್ತು ಹಾಗೆಲ್ಲ ಬರೆಯಬಾರದಿತ್ತು. ಆದರೆ ಬರೆದದ್ದು ಸುಳ್ಳಲ್ಲ, ಅದಕ್ಕೇ ಕ್ಷಮಿಸು ಅಂತಲೂ ಬರೆಯಲು ಬರುತ್ತಿಲ್ಲ.

ಕಾಯಿಲೆ ಇದ್ದರೆ ಇದೆ ಅಂತ ಬರೆ. ಗೊತ್ತಿಲ್ಲದೆ ಕೂತಿರುವುದು ನನಗೆ ಆಗುವುದಿಲ್ಲ. ಬಸ್ಸಿನ ಹಾರ್ನ್ ಕೇಳಿದರೂ ಯಾರೋ ಸುದ್ದಿ ತಂದರು ಅಂತ ಬಾಗಿಲಿಗೆ ಓಡುತ್ತೇನೆ.

ವಿದ್ಯಾ


ರಾಗಿಗುಡ್ಡ
17 ಡಿಸೆಂಬರ್ 2024

ವಿದ್ಯಾ,

ಗಂಟೂ ಇಲ್ಲ, ಗಡ್ಡೆಯೂ ಇಲ್ಲ. ನಿನ್ನಮ್ಮನ ಆಣೆ. ಆ ಯೋಗರಾಜನಿಗೆ ಸ್ಟೇರಿಂಗ್ ಹಿಡಿದ ಹಾಗೆ ಬಾಯಿ ಹಿಡಿದುಕೊಳ್ಳಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ನನಗೆ ಒಂದು ಚಿಕ್ಕ ಕೆಲಸವಿದೆ. ಆಗುತ್ತದೋ ಇಲ್ಲವೋ ತಿಳಿಯದು. ಆಗದಿದ್ದರೆ ಆ ಮಾತನ್ನೇ ಎತ್ತುವುದಿಲ್ಲ, ನೀನೂ ಕೇಳಬೇಡ. ಕಡುಬು ಚೆನ್ನಾಗಿತ್ತು, ಉಪ್ಪು ಸ್ವಲ್ಪ ಕಮ್ಮಿ.

ಕೋಪವಿಲ್ಲ. ನೀನು ಬರೆದದ್ದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಬಾಗಿಲಲ್ಲಿ ಹೆಸರು ಕೂಗುತ್ತಿದ್ದುದು ಮರೆತುಹೋಯಿತು ಅಂದೆಯಲ್ಲ, ಅದನ್ನು ಓದಿದ ರಾತ್ರಿ ಊಟ ಸೇರಲಿಲ್ಲ.

ನೀನೂ ಮಾನಸಳೂ ಸ್ಕೂಲಿನಿಂದ ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ? ಸುಮ್ಮನೆ ಕೇಳಿದೆ. ಒಂದು ಚೀಟಿಯಲ್ಲಿ ಬರೆದು ಕಳಿಸು.

ಅಪ್ಪ


ಕಾಗದನಗರ
19 ಫೆಬ್ರವರಿ 2025

ಅಪ್ಪಾ,

ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ನೀನು ಅಲ್ಲಿ ಒಬ್ಬನೇ ಕೂತು ಚಿಂತೆ ಮಾಡುತ್ತೀಯ ಅಂತ. ಆದರೆ ಇದನ್ನು ಹೇಳಿಕೊಳ್ಳಲು ಬೇರೆ ಯಾರಿದ್ದಾರೆ?

ಯಾವನೋ ಒಬ್ಬ ಮನೆಗೆ ಫೋನ್ ಮಾಡುತ್ತಿದ್ದಾನೆ. ಹೋದ ಶುಕ್ರವಾರ ಶುರುವಾಯಿತು. ಶಿವಮೊಗ್ಗದ ಲ್ಯಾಂಡ್‌ಲೈನ್ ನಂಬರು. ನಾವು ಮಧ್ಯಾಹ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡ ಹೊತ್ತಿಗೆ ಸರಿಯಾಗಿ. ಹಲೋ ಅಂದರೆ ಮೊದಲು ಏನೂ ಇಲ್ಲ. ಆಮೇಲೆ ಗೊಳಕ್ ಅಂತ ಏನೋ ನುಂಗಿದ ಸದ್ದು. ಆಮೇಲೆ ಒಂದು ಗೊರಕು ಧ್ವನಿ, ಮನುಷ್ಯರದೋ ಅಲ್ಲವೋ ಅನ್ನುವಂಥದ್ದು, "ವಿ" ಅಂತು. ನನ್ನ ಹೆಸರೇ ಹೇಳಲು ಹೊರಟ ಹಾಗೆ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಸಂಜೆ ಇವರು ಆ ನಂಬರಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ಹೆಂಗಸೊಬ್ಬಳೇ ಇರುವ ಹೊತ್ತು ತಿಳಿದವನೇ ಇರಬೇಕು ಅಂದರು.

ನಿನ್ನೆ ಮಂಗಳವಾರ ಮತ್ತೆ ಬಂತು. ನಾನು ಬಟ್ಟೆ ಒಣಹಾಕುತ್ತಿದ್ದೆ. ಬಂದು ನೋಡಿದರೆ ಮಾನಸ ಫೋನ್ ಹಿಡಿದು ಕೂತಿದ್ದಾಳೆ. "ನಾನು ಚಿತ್ರಾನ್ನ ತಿಂದೆ, ಕಡ್ಲೆಬೀಜ ತೆಗೆದಿಟ್ಟೆ, ನೀವೇನ್ ತಿಂದ್ರಿ?" ಅಂತ ಮಾತಾಡುತ್ತಿದ್ದಾಳೆ. ಫೋನಿನಿಂದ ಆ ಧ್ವನಿ ನನಗೂ ಕೇಳಿತು. ಕಿತ್ತುಕೊಂಡೆ. ನಾಚಿಕೆ ಆಗಲ್ವಾ, ಮಕ್ಕಳ ಹತ್ತಿರ ಇದೇನು, ಪೊಲೀಸಿಗೆ ಕೊಡ್ತೀನಿ ಅಂತ ಬಾಯಿಗೆ ಬಂದ ಹಾಗೆ ಬೈದೆ. ಬರೆಯಬಾರದ ಮಾತನ್ನೂ ಬೈದೆ. ನಾನು ಬೈಯುವಷ್ಟು ಹೊತ್ತೂ ಅವನು ಫೋನ್ ಇಡಲಿಲ್ಲ ಅಪ್ಪ. ಎಲ್ಲ ಕೇಳಿಸಿಕೊಂಡ. ಅದೇ ಇನ್ನೂ ಭಯ.

ಯಾರೇ ಅದು ಅಂತ ಮಾನಸಳನ್ನು ಕೇಳಿದರೆ, "ಗೊತ್ತಿಲ್ಲಮ್ಮ, ಅವರಿಗೆ ತುಂಬ ಶೀತ ಆಗಿದೆ" ಅಂದಳು. ನೀನು ಯಾಕೆ ಬೈದೆ ಅಂತ ನನ್ನನ್ನೇ ಕೇಳಿದಳು. ಅವಳಿಗೆ ಏನೂ ಅನ್ನಿಸಿಲ್ಲ. ನನಗೆ ಇಡೀ ರಾತ್ರಿ ನಿದ್ದೆ ಇಲ್ಲ. ಬಾಗಿಲ ಚಿಲಕವನ್ನು ಎದ್ದೆದ್ದು ನೋಡಿದೆ.

ಇವರು ನಂಬರ್ ಬ್ಲಾಕ್ ಮಾಡುತ್ತೇನೆ ಅಂತಿದ್ದಾರೆ. ಶುಕ್ರವಾರ ಇನ್ನೊಂದು ಸಲ ಬಂದರೆ ರೆಕಾರ್ಡ್ ಮಾಡಿ ಸ್ಟೇಷನ್ನಿಗೆ ಕೊಡೋಣ ಅಂತ ತಡೆದಿದ್ದೇನೆ. ನಿನಗೆ ಸ್ಟ್ಯಾಂಡಿನಲ್ಲಿ ಪೊಲೀಸರ ಪರಿಚಯ ಇದೆಯಲ್ಲ, ಒಂದು ಮಾತು ಹೇಳಿಡುತ್ತೀಯಾ?

ವಿದ್ಯಾ


ರಾಗಿಗುಡ್ಡ
20 ಫೆಬ್ರವರಿ 2025

ವಿದ್ಯಾ,

ಪೊಲೀಸರಿಗೆ ಹೇಳಬೇಡ ಮಾರಾಯ್ತಿ. ಆ ಕಳ್ಳ ನಾನೇ.

ಅದು ಶೀತಲ್ ಮೇಡಂ ಕ್ಲಾಸಿನ ಫೋನು. ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಾರೆ, ಅದಕ್ಕೇ ಅಳಿಯ ಮಾಡಿದಾಗ ಯಾರೂ ಎತ್ತಲಿಲ್ಲ. ಹೊತ್ತು ತಿಳಿದವನು ಅಂದನಲ್ಲ, ಚೀಟಿಯಲ್ಲಿ ಬರೆದು ಕಳಿಸಿದವಳು ನೀನೇ.

ನಿನ್ನ ಜಗಳದ ಕಾಗದ ಬಂದ ವಾರವೇ ಕ್ಲಾಸಿಗೆ ಸೇರಿದೆ. ಮೊದಲ ತಿಂಗಳು ಬರೀ ತೇಗು. ಮೇಡಂ ಮುಂದೆ ಗಂಡಸೊಬ್ಬ ಕೂತು ತೇಗುವುದು ಎಷ್ಟು ಅವಮಾನ ಗೊತ್ತಾ? ಗಾಳಿ ನುಂಗಿ ನುಂಗಿ ಹೊಟ್ಟೆ ಉಬ್ಬಿ ಮನೆಗೆ ಬಂದು ಮಲಗುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ 'ಪ', 'ಟ' ಬಂತು. ಯಾವ ಹೆಸರು ಮೊದಲು ಕಲಿಯುತ್ತೀರಿ ಅಂತ ಮೇಡಂ ಕೇಳಿದರು. ವಿದ್ಯಾ ಅಂತ ಬರೆದೆ. ಕಷ್ಟದ ಹೆಸರು ಇಟ್ಟಿದ್ದೀರಲ್ಲ ಅಂತ ನಕ್ಕರು. 'ವಿ' ಬರುತ್ತದೆ. 'ದ್ಯಾ' ಹೇಳಬೇಕಾದರೆ ಇನ್ನೊಂದು ಸಲ ಗಾಳಿ ನುಂಗಬೇಕು. ಅಷ್ಟರಲ್ಲಿ ನೀನು ಕಟ್ ಮಾಡುತ್ತೀಯ.

ಈ ಧ್ವನಿ ನೀನು ಕಳೆದುಕೊಂಡದ್ದಲ್ಲ. ಅದು ಇನ್ನು ಬರುವುದಿಲ್ಲ. ಇದು ಕೆಟ್ಟ ಧ್ವನಿ, ಕೇಳಿದರೆ ನನಗೇ ಹೇಸಿಗೆ. ಮಗು ಹೆದರುತ್ತದೆ ಅಂತ ಒಂದು ವರ್ಷ ಓಡಿ ತಪ್ಪಿಸಿಕೊಂಡೆ. ನಿನ್ನೆ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಮಗು ಹೆದರಲಿಲ್ಲ ವಿದ್ಯಾ. ಶೀತ ಆಗಿದೆ ಅಂದಳು, ಚಿತ್ರಾನ್ನ ತಿಂದೆ ಅಂದಳು. ಹೆದರಿದವಳು ನೀನು. ಹೆದರಿದವನು ನಾನು.

ಬೈದದ್ದಕ್ಕೆ ಬೇಸರವಿಲ್ಲ. ಒಂಟಿ ಹೆಂಗಸಿಗೆ ಅಷ್ಟು ಬಾಯಿ ಇರಬೇಕು. ಆದರೆ ಆ ಕೊನೆಯ ಮಾತು ನಿನಗೆ ಯಾರು ಕಲಿಸಿದರು? ಬಸ್ ಸ್ಟ್ಯಾಂಡಿನಲ್ಲಿ ಇದ್ದ ನಾನೇ ಅದನ್ನು ಆಡಿದವನಲ್ಲ. ಫೋನ್ ಇಡಲಿಲ್ಲ ಅಂತ ಭಯಪಟ್ಟೆಯಲ್ಲ, ನಿನ್ನ ಮಾತು ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತು, ಹೇಗೆ ಇಡಲಿ?

ನಾಳೆ ಶುಕ್ರವಾರ ಅದೇ ಹೊತ್ತಿಗೆ ಮಾಡುತ್ತೇನೆ. ಒಂದೊಂದು ಮಾತಿಗೂ ಹೊತ್ತು ಹಿಡಿಯುತ್ತದೆ, ನಡುವೆ ನುಂಗುವ ಸದ್ದು ಬರುತ್ತದೆ. ನಿನಗೆ ಕೇಳಲಾಗದಿದ್ದರೆ ಅಡುಗೆ ಮನೆಗೆ ಹೋಗಿ ಕೂತಿರು, ನಾನು ತಪ್ಪು ತಿಳಿಯುವುದಿಲ್ಲ.

ಫೋನ್ ಮಾತ್ರ ಮಾನಸಳ ಕೈಗೆ ಕೊಡು. ಏನು ತಿಂದ್ರಿ ಅಂತ ಕೇಳಿದ್ದಾಳೆ, ನಾನಿನ್ನೂ ಹೇಳಿಲ್ಲ.

ಅಪ್ಪ